ಕಾರ್ಡ್ ಭದ್ರತೆ ಮತ್ತು ವಿದ್ಯುನ್ಮಾನ ಅಪರಾಧ ತಡೆ: ಸಮ್ಮೇಳನಗಳಿಗೆ ಹೋಗಿಬಂದವರ ಅನುಭವ

ಕೋರಿಕೆ: ನಾನು ಆನ್‌ಲೈನ್ ಪಾವತಿಗಳನ್ನು ನಿರ್ವಹಿಸುವ ಸಂಸ್ಥೆಯೊಂದರ ಭದ್ರತಾ ವಿಭಾಗದಲ್ಲಿದ್ದೇನೆ. ಪಾವತಿ ಕಾರ್ಡ್ ಭದ್ರತೆ ಅಥವಾ ವಿದ್ಯುನ್ಮಾನ ಅಪರಾಧ ತಡೆಗೆ ಸಂಬಂಧಿಸಿದ ಒಂದೇ ಒಂದು ಸಮ್ಮೇಳನಕ್ಕೆ ಈ ವರ್ಷ ನನ್ನನ್ನು ಕಳುಹಿಸಲು ಮೇಲಿನವರು ಒಪ್ಪಿದ್ದಾರೆ. ಯಾವ ಬಗೆಯದನ್ನು ಆರಿಸಿಕೊಳ್ಳಬೇಕು, ಹೋಗುವ ಮುನ್ನ ಏನು ಸಿದ್ಧತೆ ಬೇಕು, ಕಚೇರಿಯ ಕೆಲಸಕ್ಕೆ ನಿಜವಾಗಿ ಒದಗುವಂಥದ್ದು ಏನು ಸಿಗುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಪಿಸಿಐ (ಪಾವತಿ ಕಾರ್ಡ್ ಭದ್ರತಾ ಮಾನದಂಡ) ಮೌಲ್ಯಮಾಪನದ ಕೆಲಸದಲ್ಲಿರುವವರ ಉತ್ತರ:

ಸಮ್ಮೇಳನದ ಹೆಸರು ನೋಡಿ ಆರಿಸಬೇಡಿ, ನಿಮ್ಮ ಕಚೇರಿಯಲ್ಲಿ ಬಗೆಹರಿಯದೆ ಉಳಿದಿರುವ ಪ್ರಶ್ನೆ ಯಾವುದೆಂದು ನೋಡಿ ಆರಿಸಿ. ಆ ಪ್ರಶ್ನೆ ಮಾನದಂಡದ ಪಾಲನೆಗೆ ಸೇರಿದ್ದಾದರೆ ಆ ಮಾನದಂಡವನ್ನು ರೂಪಿಸುವ ಪಿಸಿಐ ಮಂಡಳಿಯ ಸಮುದಾಯ ಸಭೆಯೇ ಸರಿಯಾದ ಜಾಗ. ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್, ಡಿಸ್ಕವರ್ ಮತ್ತು ಜೆಸಿಬಿ ಸೇರಿ 2006ರಲ್ಲಿ ಸ್ಥಾಪಿಸಿದ ಈ ಮಂಡಳಿಯು ಉತ್ತರ ಅಮೆರಿಕ, ಯುರೋಪ್ ಮತ್ತು ಏಷ್ಯಾ-ಪೆಸಿಫಿಕ್ ಪ್ರದೇಶಗಳಿಗೆ ಪ್ರತ್ಯೇಕ ಸಭೆಗಳನ್ನು ನಡೆಸುತ್ತದೆ. ಮಾನದಂಡದ ಪಠ್ಯವನ್ನು ಮಂಡಳಿಯ ಜಾಲತಾಣದಿಂದ ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಆದರೆ ಆ ಪಠ್ಯವನ್ನು ಬರೆದವರ ಎದುರು ನಿಂತು ಪ್ರಶ್ನೆ ಕೇಳುವ ಅವಕಾಶ ಅಲ್ಲಿ ಮಾತ್ರ ಇರುತ್ತದೆ.

ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. ಮಂಡಳಿಯ ದತ್ತಾಂಶ ಭದ್ರತಾ ಮಾನದಂಡವಾದ ಪಿಸಿಐ ಡಿಎಸ್‌ಎಸ್‌ನ 4.0ನೇ ಆವೃತ್ತಿ 2022ರ ಮಾರ್ಚ್‌ನಲ್ಲಿ ಬಂತು, ಅದರಲ್ಲಿ ಮುಂದೂಡಿಟ್ಟಿದ್ದ ಅಗತ್ಯಗಳು 2025ರ ಮಾರ್ಚ್ 31ರಿಂದ ಕಡ್ಡಾಯವಾದವು. ಅವುಗಳಲ್ಲಿ 6.4.3 ಮತ್ತು 11.6.1 ಸಂಖ್ಯೆಯವು ಪಾವತಿ ಪುಟದಲ್ಲಿ ಓಡುವ ಸಣ್ಣ ಪ್ರೋಗ್ರಾಂಗಳಾದ ಸ್ಕ್ರಿಪ್ಟ್‌ಗಳನ್ನು ಕುರಿತವು. ಪ್ರತಿಯೊಂದು ಸ್ಕ್ರಿಪ್ಟ್ ಏಕೆ ಇದೆ, ಅದಕ್ಕೆ ಯಾರು ಅನುಮತಿ ಕೊಟ್ಟರು ಎಂಬ ಪಟ್ಟಿ ಇರಬೇಕು, ಪುಟವನ್ನು ಯಾರಾದರೂ ತಿದ್ದಿದರೆ ಅದು ಗೊತ್ತಾಗಬೇಕು. ಬ್ರಿಟಿಷ್ ಏರ್‌ವೇಸ್‌ನ ಜಾಲತಾಣದಲ್ಲಿ 2018ರಲ್ಲಿ ನಡೆದಂತೆ, ಕೆಲವೇ ಸಾಲುಗಳ ಕೋಡನ್ನು ಒಳಗೆ ನುಸುಳಿಸಿ ಗ್ರಾಹಕರು ಟೈಪ್ ಮಾಡುತ್ತಿರುವ ಕಾರ್ಡ್ ವಿವರಗಳನ್ನೇ ಕದಿಯುವ ದಾಳಿಗಳು ಈ ನಿಯಮಗಳ ಹಿನ್ನೆಲೆ. ಪುಟದೊಳಗೆ ಕಾರ್ಡ್ ವಿವರ ತುಂಬುವ ಪಾವತಿ ಚೌಕಟ್ಟು ಸೇವಾದಾತರದ್ದು, ಅದನ್ನು ಸುತ್ತುವರಿದ ಪುಟ ವ್ಯಾಪಾರಿಯದ್ದು ಎಂದಾದಾಗ ಹೊಣೆ ಯಾರದ್ದೆಂಬ ವಿವಾದ ಎಷ್ಟು ಬೆಳೆಯಿತೆಂದರೆ, 2025ರ ಜನವರಿಯಲ್ಲಿ ಮಂಡಳಿಯು ಕಾರ್ಡ್ ದತ್ತಾಂಶದ ಕೆಲಸವನ್ನು ಪೂರ್ತಿ ಹೊರಗಿನವರಿಗೆ ಒಪ್ಪಿಸಿದ ವ್ಯಾಪಾರಿಗಳು ತಮ್ಮ ಪಾಲನೆಯನ್ನು ತಾವೇ ಪರೀಕ್ಷಿಸಿಕೊಳ್ಳಲು ಬಳಸುವ ‘ಎಸ್‌ಎಕ್ಯು ಎ’ ಪ್ರಶ್ನಾವಳಿಯಿಂದ ಆ ಎರಡು ಅಗತ್ಯಗಳನ್ನು ತೆಗೆದು, ತಮ್ಮ ತಾಣ ಸ್ಕ್ರಿಪ್ಟ್ ದಾಳಿಗೆ ಈಡಾಗುವಂತಿಲ್ಲ ಎಂದು ವ್ಯಾಪಾರಿಯೇ ದೃಢಪಡಿಸಬೇಕೆಂಬ ಷರತ್ತನ್ನು ಸೇರಿಸಿತು. ಹಾಗೆ ದೃಢಪಡಿಸುವುದಕ್ಕೆ ಯಾವ ಪುರಾವೆ ಸಾಕು ಎಂಬಂಥ ಪ್ರಶ್ನೆಯನ್ನು ಕೊಂಡೊಯ್ದರೆ ನಿಮ್ಮ ಪ್ರಯಾಣ ಸಾರ್ಥಕವಾಗುತ್ತದೆ. ಹೋಗುವ ಮುನ್ನ ನಿಮ್ಮ ವ್ಯವಸ್ಥೆಯಲ್ಲಿ ಕಾರ್ಡ್ ದತ್ತಾಂಶ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬ ನಕ್ಷೆಯನ್ನು, ಸರ್ವರ್ ಹೆಸರು, ವಿಳಾಸಗಳನ್ನು ತೆಗೆದುಹಾಕಿ, ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅದನ್ನು ಮುಂದಿಟ್ಟರೆ ಹತ್ತು ನಿಮಿಷದ ವಿವರಣೆ ತಪ್ಪುತ್ತದೆ.

ಬ್ಯಾಂಕೊಂದರ ವಂಚನೆ ತಡೆ ವಿಭಾಗದಲ್ಲಿರುವವರ ಉತ್ತರ:

ಮೇಲಿನವರ ಮಾತನ್ನು ಒಪ್ಪುತ್ತೇನೆ; ಆದರೆ ನಿಮ್ಮ ಸಂಕಟ ಪಾಲನೆಯದ್ದಲ್ಲ, ಪ್ರತಿದಿನ ಎದುರಾಗುವ ವಂಚನೆಯದ್ದು ಎಂದಾದರೆ ಮಾನದಂಡದ ಸಭೆಯಲ್ಲಿ ನಿಮಗೆ ಅಷ್ಟು ದಕ್ಕುವುದಿಲ್ಲ. ಫಿಶಿಂಗ್ ತಡೆಗೆಂದು 2003ರಲ್ಲಿ ಆರಂಭವಾದ ಎಪಿಡಬ್ಲ್ಯುಜಿ ಎಂಬ ಕೂಟ ನಡೆಸುವ ಇ-ಕ್ರೈಮ್ ವಿಚಾರ ಸಂಕಿರಣದಂಥ ಕಡೆ ಸಂಶೋಧಕರು, ಬ್ಯಾಂಕಿನವರು ಮತ್ತು ತನಿಖಾಧಿಕಾರಿಗಳು ಒಟ್ಟಿಗೆ ಕುಳಿತಿರುತ್ತಾರೆ. ನನಗೆ ಅತ್ಯಂತ ಹೆಚ್ಚು ಪ್ರಯೋಜನವಾದದ್ದು ಮುಖ್ಯ ಸಭಾಂಗಣದ ಭಾಷಣಗಳಿಂದಲ್ಲ, ನೈಜ ಪ್ರಕರಣಗಳನ್ನು ಬಿಡಿಸಿಡುವ ಸಣ್ಣ ಗೋಷ್ಠಿಗಳಿಂದ.

ಅಂಥ ಗೋಷ್ಠಿಯೊಂದರಲ್ಲಿ, ಹೊರಗೆ ಹೇಳಬಹುದೆಂದು ಮಂಡಿಸಿದವರೇ ಅನುಮತಿ ಕೊಟ್ಟ ಭಾಗವನ್ನು ಇಲ್ಲಿ ಬರೆಯುತ್ತೇನೆ. ಕಾರ್ಡ್ ಸಂಖ್ಯೆಯ ಮೊದಲ 6 ಅಥವಾ 8 ಅಂಕಿಗಳು ಕಾರ್ಡ್ ಕೊಟ್ಟ ಸಂಸ್ಥೆಯನ್ನು ಸೂಚಿಸುತ್ತವೆ, ಕೊನೆಯದು ಉಳಿದ ಅಂಕಿಗಳಿಂದ ಲೂನ್ ಸೂತ್ರ ಎಂಬ ಲೆಕ್ಕದ ಮೂಲಕ ಬರುವ ತಾಳೆ ಅಂಕಿ. ಆದ್ದರಿಂದ ವಂಚಕ ಊಹಿಸಬೇಕಾದದ್ದು 16 ಅಂಕಿಗಳನ್ನಲ್ಲ, ನಡುವಿನ 9 ಅಥವಾ 7 ಅಂಕಿಗಳನ್ನು ಮಾತ್ರ. ಸಣ್ಣ ಮೊತ್ತದ ಪಾವತಿ ಕೋರಿಕೆಗಳನ್ನು ಯಂತ್ರದ ಮೂಲಕ ಒಂದೇ ಸಮನೆ ಕಳುಹಿಸಿ ಯಾವ ಸಂಖ್ಯೆ ಜೀವಂತವಾಗಿದೆ ಎಂದು ಪರೀಕ್ಷಿಸುತ್ತಾರೆ. ಪರದೆಯ ಮೇಲೆ ತೋರಿಸಿದ್ದು, ಪಾವತಿಯನ್ನು ಒಪ್ಪದಿದ್ದಾಗ ಬ್ಯಾಂಕು ಹಿಂದಿರುಗಿಸುವ ನಿರಾಕರಣೆಯ ಸಂಕೇತಗಳ ಒಂದು ರೇಖಾಚಿತ್ರ: ಮೊದಲು 14, ಅಂದರೆ ಅಂಥ ಕಾರ್ಡೇ ಇಲ್ಲ ಎಂಬ ಉತ್ತರ, ಗೋಡೆಯಂತೆ ಎದ್ದು ನಿಲ್ಲುತ್ತದೆ, ಸ್ವಲ್ಪ ಹೊತ್ತಿನಲ್ಲಿ ಅದು ಇಳಿದು 54, ಅಂದರೆ ಅವಧಿಯ ದಿನಾಂಕ ಕೂಡಿಬರದ ಉತ್ತರ, ಏರತೊಡಗುತ್ತದೆ. ಸಂಖ್ಯೆ ಸಿಕ್ಕಿತು, ಈಗ ದಿನಾಂಕ ಹುಡುಕುತ್ತಿದ್ದಾರೆ ಎಂದು ಆ ಎರಡು ಗೆರೆಗಳೇ ಹೇಳುತ್ತವೆ. ಸಾಮಾನ್ಯ ಗ್ರಾಹಕರ ವಹಿವಾಟಿನಲ್ಲಿ ಖಾತೆಯಲ್ಲಿ ಹಣ ಸಾಲದೆ ಬರುವ 51ರಂಥ ಉತ್ತರಗಳು ಹೆಚ್ಚು ಇರುತ್ತವೆ. ಆದ್ದರಿಂದ ಒಟ್ಟು ನಿರಾಕರಣೆ ಎಷ್ಟೆಂದು ಎಣಿಸುವುದಕ್ಕಿಂತ ಸಂಕೇತವಾರು ಪಾಲು ಹೇಗೆ ಬದಲಾಗುತ್ತಿದೆ ಎಂದು ಗಮನಿಸುವ ಎಚ್ಚರಿಕೆಯನ್ನು ನಮ್ಮಲ್ಲಿ ಅಳವಡಿಸಿದೆವು. ಕೆಲವು ಬ್ಯಾಂಕುಗಳು ಕಾರಣವನ್ನು ಬಿಚ್ಚಿ ಹೇಳದೆ ಎಲ್ಲವನ್ನೂ 05, ಅಂದರೆ ಒಪ್ಪಿಗೆ ಇಲ್ಲ, ಎಂದೇ ಹಿಂದಿರುಗಿಸುವುದರಿಂದ ಇದು ಎಲ್ಲೆಡೆ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ ಎಂಬುದನ್ನೂ ಹೇಳಲೇಬೇಕು.

ಖರೀದಿ ವಿಭಾಗದೊಡನೆ ಕೆಲಸ ಮಾಡುವವರ ಉತ್ತರ:

ಉತ್ಪನ್ನ ಮಾರುವವರ ಪ್ರದರ್ಶನ ಮಳಿಗೆಗಳಿಗೆ ಕಡಿಮೆ ಸಮಯ ಕೊಡಿ. ಕೇಳುವುದಿದ್ದರೆ ಒಂದನ್ನೇ ಕೇಳಿ: ಮಾನದಂಡದ ಯಾವ ಯಾವ ಅಗತ್ಯಗಳ ಹೊಣೆ ನಿಮ್ಮದು, ಯಾವುದು ನಮ್ಮದು ಎಂಬುದನ್ನು ಬರೆದ ಪಟ್ಟಿ ಕೊಡುತ್ತೀರಾ? ತಮ್ಮ ಉತ್ಪನ್ನ ಕೊಂಡರೆ ಪಾಲನೆ ತಾನಾಗಿ ಮುಗಿಯಿತು ಎನ್ನುವವರೊಡನೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಭದ್ರತಾ ಘಟನೆಗಳ ನಿರ್ವಹಣಾ ತಂಡದಲ್ಲಿರುವವರ ಉತ್ತರ:

ಗೋಪ್ಯತೆಯ ವಿಚಾರವನ್ನು ಯಾರೂ ಪ್ರಸ್ತಾಪಿಸಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ಇಂಥ ಸಭೆಗಳಲ್ಲಿ ಮಾಹಿತಿಗೆ, ಅದನ್ನು ಯಾರೊಡನೆ ಹಂಚಿಕೊಳ್ಳಬಹುದೆಂದು ತಿಳಿಸುವ ಟಿಎಲ್‌ಪಿ ಬಣ್ಣದ ಗುರುತು ಹಾಕುತ್ತಾರೆ. 2022ರಲ್ಲಿ, ಇಂಥ ತಂಡಗಳ ಜಾಗತಿಕ ಒಕ್ಕೂಟವಾದ ಫಸ್ಟ್ ಸಂಸ್ಥೆ ಹೊರತಂದ ಪರಿಷ್ಕೃತ ರೂಪದ ಪ್ರಕಾರ ಕೆಂಪು ಗುರುತಿನದ್ದು ಆ ಕೋಣೆಯಲ್ಲಿದ್ದವರಿಗೆ ಮಾತ್ರ, ಅಂಬರ್ ನಿಮ್ಮ ಸಂಸ್ಥೆಯಲ್ಲೂ ನಿಮ್ಮ ಗ್ರಾಹಕ ಸಂಸ್ಥೆಗಳಲ್ಲೂ ಅಗತ್ಯವಿದ್ದವರಿಗೆ, ಹಸಿರು ಸಮುದಾಯದೊಳಗೆ, ಕ್ಲಿಯರ್ ಎಲ್ಲರಿಗೂ. ಟಿಪ್ಪಣಿ ಬರೆದುಕೊಳ್ಳುವಾಗ ಪ್ರತಿ ಪುಟದ ತಲೆಯಲ್ಲೇ ಆ ಗುರುತನ್ನು ಬರೆಯಿರಿ, ಇಲ್ಲವಾದರೆ ಹಿಂದಿರುಗಿ ವರದಿ ಬರೆಯುವಾಗ ಯಾವುದನ್ನು ಹೇಳಬಹುದೆಂಬುದು ಕಲಸಿಹೋಗುತ್ತದೆ. ಮಂಡಿಸಿದವರು ತಮ್ಮ ಸಂಸ್ಥೆಯ ಸೋಲನ್ನು ನಂಬಿಕೆಯಿಂದ ಹೇಳಿಕೊಂಡಿರುತ್ತಾರೆ. ಆ ನಂಬಿಕೆ ಒಮ್ಮೆ ಮುರಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಬಹಿರಂಗ ವೇದಿಕೆಗಳೂ ಬೇಕು. ಭದ್ರತಾ ಸಂಶೋಧಕ ಬಾರ್ನಬಿ ಜ್ಯಾಕ್ 2010ರ ಭದ್ರತಾ ಸಮ್ಮೇಳನವಾದ ಬ್ಲ್ಯಾಕ್ ಹ್ಯಾಟ್‌ನಲ್ಲಿ ವೇದಿಕೆಯ ಮೇಲೆ ಎಟಿಎಂಗಳಿಂದ ನೋಟುಗಳನ್ನು ಹೊರಬೀಳಿಸಿ ತೋರಿಸಿದ ಉಪನ್ಯಾಸ ಹಿಂದಿನ ವರ್ಷವೇ ನಿಗದಿಯಾಗಿದ್ದು, ತಯಾರಕರ ಆತಂಕದಿಂದ ಮುಂದಕ್ಕೆ ಹೋಗಿತ್ತು. ಸರಿಪಡಿಸಿಕೊಳ್ಳಲು ಸಮಯ ಕೊಟ್ಟು ಆಮೇಲೆ ಬಹಿರಂಗಪಡಿಸುವುದು ಸರಿಯಾದ ಕ್ರಮ ಎಂದೇ ನಾನು ಭಾವಿಸುತ್ತೇನೆ.

ತನಿಖಾಧಿಕಾರಿಗಳು ಸಿಕ್ಕರೆ, ದೂರು ಕೊಡುವಾಗ ಲಾಗ್‌ಗಳು (ವ್ಯವಸ್ಥೆಯಲ್ಲಿ ನಡೆದದ್ದರ ದಾಖಲೆಗಳು) ಯಾವ ರೂಪದಲ್ಲಿರಬೇಕೆಂದು ತಪ್ಪದೆ ಕೇಳಿ. ಪಿಸಿಐ ಮಾನದಂಡದ ಪ್ರಕಾರ ಲಾಗ್‌ಗಳನ್ನು 12 ತಿಂಗಳು ಇಡಬೇಕು, ಇತ್ತೀಚಿನ 3 ತಿಂಗಳದ್ದು ತಕ್ಷಣ ಕೈಗೆ ಸಿಗಬೇಕು. ಆದರೆ ಎರಡು ಸರ್ವರ್‌ಗಳ ಗಡಿಯಾರಗಳು ಹೊಂದದಿದ್ದರೆ, ಅಥವಾ ದಾಖಲಾದ ಸಮಯ ಯಾವ ಕಾಲವಲಯದ್ದೆಂದು ಬರೆಯದಿದ್ದರೆ, ಘಟನೆಗಳ ಅನುಕ್ರಮವನ್ನು ಸಾಬೀತುಪಡಿಸುವುದು ಬಹಳ ಕಷ್ಟ. ತನಿಖೆಗೆ ನೆರವಾಗುವ ಅಧಿಕೃತ ಸಂಪರ್ಕ ಮಾರ್ಗ ಯಾವುದು, ರಾತ್ರಿ ಹೊತ್ತಿನಲ್ಲಿ ಯಾರಿಗೆ ತಿಳಿಸಬೇಕು ಎಂಬುದನ್ನೂ ಅಲ್ಲೇ ಕೇಳಿ ಬರೆದುಕೊಂಡು ಬನ್ನಿ.