ಅಪ್‌ಡೇಟ್: ಮಗನ ಕೆಲಸಗಳನ್ನು ಅವನಿಗೇ ಬಿಟ್ಟ ಮೇಲೆ

21 ವರ್ಷದ ಮಗ ಒಂದು ಫೋನ್ ಮಾಡೋಕೂ, ಒಂದು ಅರ್ಜಿ ತುಂಬೋಕೂ ನನ್ನ ಮುಖ ನೋಡುತ್ತಾನೆ, ಏನು ಮಾಡಲಿ ಅಂತ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಒಬ್ಬರು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಬಗ್ಗೆ ಬರೆದಿದ್ದರು. 'ನನ್ನ ಕೈಲಿ ಆಗುತ್ತೆ' ಅನ್ನೋ ನಂಬಿಕೆ ಎಲ್ಲಿಂದ ಬರುತ್ತೆ ಅಂತ ಅವರು 1977ರಲ್ಲೇ ವಿವರಿಸಿದ್ದರು. ಬೇರೆಯವರು ಹುರಿದುಂಬಿಸಿದರೆ ಸ್ವಲ್ಪ ಬರುತ್ತೆ. ತಾನೇ ಮಾಡಿ ಗೆದ್ದರೆ ಗಟ್ಟಿಯಾಗಿ ನಿಲ್ಲುತ್ತೆ. ಈ ಮಾತು ನನಗೆ ನಾಟಿತು.

ಬ್ಯಾಂಕ್ ಖಾತೆ, ಡಾಕ್ಟರ್ ಅಪಾಯಿಂಟ್‌ಮೆಂಟ್, ಕೆಲಸದ ಅರ್ಜಿ ಎಲ್ಲ ಈಗ ಅವನ ಹೆಗಲಿಗೆ. ಮೊದಲೇ ಕೂತು ಮಾತಾಡಿಕೊಂಡೆವು: ನಾನು ನೆನಪಿಸೋದಿಲ್ಲ, ಕೇಳಿದರೆ ಸಹಾಯ ಮಾಡುತ್ತೇನೆ. ಡಾಕ್ಟರಿಗೆ ಫೋನ್ ಮಾಡೋ ಮುಂಚೆ ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡ. ರೂಮಿನಲ್ಲಿ ಅತ್ತಿಂದಿತ್ತ ಓಡಾಡಿದ. ಮಾತು ಶುರುವಾದ ಮೇಲೆ ಚೀಟಿ ಕಡೆ ನೋಡಲೇ ಇಲ್ಲ! ನನಗಂತೂ ಕಣ್ಣು ತುಂಬಿ ಬಂತು.

ಒಂದು ಅರ್ಜಿಯ ಕೊನೇ ದಿನ ಮಾತ್ರ ದಾಟಿಹೋಯಿತು. ನನಗೆ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಸಂಕಟ ಆಯಿತು ನಿಜ. ಕೆಲವು ದಿನ ಮುಖ ಸಣ್ಣದು ಮಾಡಿಕೊಂಡಿದ್ದ. ಆಮೇಲೆ ತಾನೇ ಫೋನಿನಲ್ಲಿ ರಿಮೈಂಡರ್ ಇಟ್ಟುಕೊಂಡ. ಇಂಥ ತಪ್ಪು ಮನೆಯಲ್ಲಿರುವಾಗಲೇ ಆಗೋದು ಒಳ್ಳೇದು, ಅಲ್ವಾ? ಆರೋಗ್ಯ, ಸಾಲದಂಥ ವಿಷಯವಾಗಿದ್ದರೆ ನಾನು ಸುಮ್ನಿರುತ್ತಿರಲಿಲ್ಲ.

ಇಂಟರ್ವ್ಯೂ ಅಂದರೆ ಇನ್ನೂ ಹೆದರುತ್ತಾನೆ. "ಅಮ್ಮಾ, ಸ್ವಲ್ಪ ಪ್ರಾಕ್ಟೀಸ್ ಮಾಡಿಸ್ತೀಯಾ?" ಅಂತ ಮೊನ್ನೆ ಅವನೇ ಬಂದು ಕೇಳಿದ. ಮಕ್ಕಳಿಗೆ ಹೀಗೆ ಮಾಡಿಸಿದವರು ಯಾರಾದರೂ ಇದ್ದರೆ, ಹೇಗೆ ಶುರು ಮಾಡಿದಿರಿ ಹೇಳಿ.