ಬ್ಲಾಗ್ ಬರೆಯುವ ಗೀಳು: ನಿಲ್ಲಿಸಬೇಕೇ, ಮುಂದುವರಿಸಬೇಕೇ?

ತುಂಗಾತೀರ:

ಕನ್ನಡ ಬ್ಲಾಗುಗಳು ಹುರುಪಿನಿಂದ ಹುಟ್ಟಿಕೊಳ್ಳುತ್ತಿದ್ದ 2007ರ ಆಸುಪಾಸಿನಲ್ಲಿ ನಾನೂ ಗೂಗಲ್‌ನ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ ಒಂದು ಪುಟ ತೆರೆದೆ. ‘ಬರಹ’ ತಂತ್ರಾಂಶದಲ್ಲಿ ಟೈಪು ಮಾಡಿ, ಯುನಿಕೋಡಿಗೆ ಬದಲಿಸಿ, ತಂದು ಅಂಟಿಸುವುದೇ ಆಗ ದೊಡ್ಡ ಕೆಲಸವಾಗಿತ್ತು. ಈಗ ಮೊಬೈಲಿನಲ್ಲೇ ಎಲ್ಲವೂ ಸಲೀಸಾಗಿ ಆಗುತ್ತದೆ, ತೊಂದರೆ ಶುರುವಾಗುವುದು ಪ್ರಕಟಿಸಿದ ಮೇಲೆ. ಒಲೆಯ ಮೇಲೆ ಹಾಲಿಟ್ಟವರಂತೆ ಎಷ್ಟು ಜನ ಓದಿದರು, ಯಾರು ಪ್ರತಿಕ್ರಿಯಿಸಿದರು ಎಂದು ಮತ್ತೆ ಮತ್ತೆ ಹೋಗಿ ನೋಡುತ್ತೇನೆ. ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಕುಳಿತಿರುವಾಗಲೂ ಮನಸ್ಸು ಅದರ ಬಗ್ಗೆ ಬರೆಯಬೇಕಾದ ಮೊದಲ ವಾಕ್ಯವನ್ನು ಹೊಂದಿಸುತ್ತಿರುತ್ತದೆ. ‘ಇದೂ ನಾಳೆ ಬ್ಲಾಗಿನಲ್ಲಿ ಬರುತ್ತದೆಯೇನು?’ ಎಂದು ನಮ್ಮ ಯಜಮಾನರು ಕೇಳತೊಡಗಿದ್ದಾರೆ. ಆ ಪ್ರಶ್ನೆಯಲ್ಲಿ ತಮಾಷೆಯ ಪಾಲು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ. ಇಡೀ ಬ್ಲಾಗನ್ನೇ ಅಳಿಸಿಬಿಡುವುದು ಒಳ್ಳೆಯದೇ? ಇಂಥ ಸ್ಥಿತಿಯನ್ನು ಕಂಡವರು ದಯವಿಟ್ಟು ತಿಳಿಸಿ.

ಹಳೆಯಪುಟ:

ತುಂಗಾತೀರ ಅವರೇ, ನೀವು ವಿವರಿಸಿದ್ದರಲ್ಲಿ ಬರೆಯುವ ಚಟಕ್ಕಿಂತ ನೋಡುವ ಚಟವೇ ಹೆಚ್ಚಾಗಿ ಕಾಣುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆ ಎಂಬುದು ನಿಶ್ಚಿತವಿಲ್ಲದಿದ್ದಾಗ ಹಕ್ಕಿಗಳು ಬಿಡದೆ ಕುಕ್ಕುತ್ತಿದ್ದವು, ಕಾಳು ಬರುವುದು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇದ್ದವು. ಓದುಗರ ಪ್ರತಿಕ್ರಿಯೆಯ ಸ್ವಭಾವವೂ ಇಂಥದ್ದೇ. ಶ್ರಮಪಟ್ಟು ಬರೆದದ್ದನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ, ಅವಸರದಲ್ಲಿ ಗೀಚಿದ್ದಕ್ಕೆ ಮೆಚ್ಚುಗೆಯ ಸುರಿಮಳೆಯಾಗುತ್ತದೆ. ಹೀಗೆ ಗೊತ್ತುಗುರಿ ಇಲ್ಲದಿರುವುದೇ ನಮ್ಮನ್ನು ಕಟ್ಟಿಹಾಕುತ್ತದೆ. ಅದೂ ಅಲ್ಲದೆ, ನೀವು ನೋಡುವ ಆ ಸಂಖ್ಯೆಯಲ್ಲಿ ಮನುಷ್ಯರಷ್ಟೇ ಅಲ್ಲದೆ ಅಂತರ್ಜಾಲವನ್ನು ಜಾಲಾಡುವ ಯಂತ್ರಗಳೂ ಸೇರಿಕೊಂಡಿರಬಹುದು.

ಆದ್ದರಿಂದ ಬರೆಯುವುದಕ್ಕೂ ಪ್ರಕಟಿಸುವುದಕ್ಕೂ ನಡುವೆ ಅಂತರವಿಡಿ. ಬರೆದದ್ದು ಮುಂದಿನ ವಾರ ತಾನಾಗಿಯೇ ಪ್ರಕಟವಾಗುವಂತೆ ದಿನಾಂಕ ನಿಗದಿಪಡಿಸುವ ಸೌಲಭ್ಯ ಬ್ಲಾಗರ್‌ನಲ್ಲೂ ಇದೆ, ವರ್ಡ್‌ಪ್ರೆಸ್‌ನಲ್ಲೂ ಇದೆ. ಪ್ರತಿಕ್ರಿಯೆ ಬಂದಾಗ ಇಮೇಲ್ ಬರುವುದನ್ನು ನಿಲ್ಲಿಸಿ. ಇಷ್ಟು ಮಾಡಿದ ಮೇಲೂ ಬರೆಯಬೇಕೆನ್ನಿಸಿದರೆ ಧಾರಾಳವಾಗಿ ಬರೆಯಿರಿ.

ಮೌನಓದುಗ:

ಹಳೆಯಪುಟ ಅವರ ಮಾತು ಅಂಕಿಗಳ ಮಟ್ಟಿಗೆ ಸರಿ. ಆದರೆ ವಾರ್ಷಿಕೋತ್ಸವದಲ್ಲಿ ವಾಕ್ಯ ಕಟ್ಟುತ್ತಿದ್ದ ಮನಸ್ಸಿಗೆ ಈ ಉಪಾಯಗಳು ತಾಗುವುದಿಲ್ಲ ಎಂಬುದು ನನ್ನ ಅನಿಸಿಕೆ. ಬ್ಲಾಗಿಂಗ್‌ನ ಇತಿಹಾಸದಲ್ಲೇ ಇದಕ್ಕೆ ಉದಾಹರಣೆಗಳಿವೆ. 1994ರಲ್ಲಿ, ಅಂದರೆ ‘ಬ್ಲಾಗ್’ ಎಂಬ ಹೆಸರೇ ಹುಟ್ಟುವ ಮೊದಲು, ವಿದ್ಯಾರ್ಥಿಯಾಗಿದ್ದ ಜಸ್ಟಿನ್ ಹಾಲ್ ತಮ್ಮ ಜಾಲತಾಣ ಆರಂಭಿಸಿ, ಮುಂದೆ ತಮ್ಮ ಬದುಕಿನ ಅತಿ ಖಾಸಗಿ ಸಂಗತಿಗಳನ್ನೆಲ್ಲ ಅಲ್ಲಿ ಬರೆದುಕೊಂಡರು. ಸುಮಾರು ಹತ್ತು ವರ್ಷಗಳ ನಂತರ, 2005ರ ಜನವರಿಯಲ್ಲಿ, ಹೀಗೆ ಎಲ್ಲವನ್ನೂ ಬಹಿರಂಗವಾಗಿ ಬರೆಯುವುದು ತಮ್ಮ ಹತ್ತಿರದವರೊಂದಿಗಿನ ಸಂಬಂಧಕ್ಕೇ ಅಡ್ಡಿಯಾಗುತ್ತಿದೆ ಎಂಬ ಸಂಕಟವನ್ನು ವಿಡಿಯೊ ಒಂದರಲ್ಲಿ ತೋಡಿಕೊಂಡು ಆ ಬಗೆಯ ಬರವಣಿಗೆಯನ್ನು ನಿಲ್ಲಿಸಿದರು. ಆಂಡ್ರ್ಯೂ ಸಲಿವನ್ ಎಂಬ ಪತ್ರಕರ್ತರು 2015ರಲ್ಲಿ ಬ್ಲಾಗನ್ನು ಬಿಟ್ಟದ್ದು ದಣಿವು, ಅನಾರೋಗ್ಯ ಮುಂತಾದ ಕಾರಣಗಳಿಗೆ. ಅವರದು ದಿನವಿಡೀ ರಾಜಕೀಯ ಬರೆಯುವ ವೃತ್ತಿಯಾಗಿತ್ತಾದ್ದರಿಂದ ನಿಮ್ಮ ಸ್ಥಿತಿಗೆ ಅಷ್ಟಾಗಿ ಹೊಂದುವುದಿಲ್ಲ. 1998ರಿಂದ ಬ್ಲಾಗ್ ಬರೆಯುತ್ತಿದ್ದ ಜೇಸನ್ ಕಾಟ್ಕೆ 2022ರ ಮೇ ತಿಂಗಳಲ್ಲಿ ರಜೆ ಘೋಷಿಸಿ, ಆ ವರ್ಷ ಮುಗಿಯುವುದರೊಳಗೆ ಹಿಂದಿರುಗಿದರು. ನಿಲ್ಲಿಸುವುದೆಂದರೆ ಶಾಶ್ವತವಾಗಿಯೇ ನಿಲ್ಲಿಸಬೇಕೆಂದಿಲ್ಲ.

ನಿಮಗೆ ಹತ್ತಿರವಾದದ್ದು ಹಾಲ್ ಅವರ ಪ್ರಸಂಗ. ವಾಕ್ಯಗಳು ತಲೆಯಲ್ಲಿ ಸುಳಿದಾಡುವುದು ಬರೆಯುವವರೆಲ್ಲರಿಗೂ ಇರುವಂಥದ್ದೇ, ಅದನ್ನು ರೋಗವೆಂದು ನಾನು ಎಣಿಸುವುದಿಲ್ಲ. ಆದರೆ ಆ ವಾಕ್ಯಗಳಲ್ಲಿರುವುದು ನಿಮ್ಮ ಮಗಳ ಬದುಕು. ಅಮ್ಮ ತನ್ನ ಬಗ್ಗೆ ಏನೇನು ಬರೆದಿದ್ದಾರೆ ಎಂದು ಮುಂದೊಂದು ದಿನ ಅವಳ ಸಹಪಾಠಿಗಳು ಹುಡುಕಿ ಓದಬಲ್ಲರು. ಅವಳಿಗೆ ತಿಳಿವಳಿಕೆ ಬಂದಿದ್ದರೆ ಈ ಪ್ರಶ್ನೆಯನ್ನು ನಮಗಿಂತ ಮೊದಲು ಅವಳನ್ನು ಕೇಳಿ.

ಕಡತಪಾಲಕ:

ಅಳಿಸುವ ಯೋಚನೆ ಇದ್ದರೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕಪ್ ಇಳಿಸಿಕೊಳ್ಳಿ. ಆ ಕಡತದಲ್ಲಿ ಬರಹ, ಪ್ರತಿಕ್ರಿಯೆಗಳು ಇರುತ್ತವೆ. ಚಿತ್ರಗಳ ಕೊಂಡಿಗಳಷ್ಟೇ ಬರುವುದರಿಂದ ಚಿತ್ರಗಳನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು. ಅಳಿಸದೆಯೇ, ನೀವು ಆಹ್ವಾನಿಸಿದವರು ಮಾತ್ರ ಓದುವಂತೆ ಮಾಡುವ ದಾರಿಯೂ ಇದೆ, ಯಾವುದೇ ಒಂದು ಬರಹವನ್ನು ಮಾತ್ರ ಕರಡಿಗೆ ಮರಳಿಸಲೂಬಹುದು. ಆದರೆ ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಶೀನ್‌ನಲ್ಲಿ ನಿಮ್ಮ ಪುಟಗಳ ಪ್ರತಿ ಈಗಾಗಲೇ ಸೇರಿದ್ದರೆ ನೀವು ಅಳಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ, ಅವರಿಗೆ ಪ್ರತ್ಯೇಕವಾಗಿ ಬರೆದು ಕೇಳಿಕೊಳ್ಳಬೇಕಾಗುತ್ತದೆ.

ತುಂಗಾತೀರ:

ಎಲ್ಲರಿಗೂ ಧನ್ಯವಾದಗಳು. ಬ್ಯಾಕಪ್ ಇಳಿಸಿಕೊಂಡು, ಇಮೇಲ್ ಬರುವುದನ್ನು ನಿಲ್ಲಿಸಿದ್ದೇನೆ. ಮಗಳನ್ನು ಕೇಳಿದಾಗ, ತನ್ನ ಹೆಸರಿರುವ ಬರಹಗಳೆಲ್ಲ ಹೋಗಲಿ, ಆಗುಂಬೆಯ ಮಳೆಯ ಬಗ್ಗೆ ಬರೆದವು ಇರಲಿ ಎಂದಳು. ಅವಳ ಕುರಿತ ಬರಹಗಳನ್ನು ಒಂದೊಂದಾಗಿ ಕರಡಿಗೆ ಸೇರಿಸುತ್ತಿದ್ದೇನೆ. ಮೌನಓದುಗ ಅವರು ಹೇಳಿದಂತೆ ಕೆಲವು ತಿಂಗಳು ಏನನ್ನೂ ಪ್ರಕಟಿಸದೆ ಇರುವ ಯೋಚನೆಯಿದೆ. ಯಜಮಾನರು ಮಾತ್ರ ಇದನ್ನು ಇನ್ನೂ ನಂಬಿಲ್ಲ.