ವೇಲ್ಸ್ ಒಂದು ದೇಶವಾ? ಇಂಗ್ಲಿಷಿನ ಪಕ್ಕದಲ್ಲೇ ಇದ್ದು ಅವರ ಭಾಷೆ ಹೇಗೆ ಉಳಿಯಿತು?

ಬದಿಯಡ್ಕ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತೇನೆ. ಎಂಟನೇ ಕ್ಲಾಸಿನಲ್ಲಿ ಈ ವರ್ಷ ಇರುವುದು ಹನ್ನೊಂದೇ ಮಕ್ಕಳು. ನಮ್ಮ ಕಡೆಯ ಮಕ್ಕಳಿಗೆ ಫುಟ್‌ಬಾಲ್ ಎಂದರೆ ಪ್ರಾಣ, ನಿಮಗೆ ಗೊತ್ತೇ ಇದೆ. ಮೊನ್ನೆ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಟೀಚರ್, 2022ರ ವರ್ಲ್ಡ್ ಕಪ್ಪಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಒಂದೇ ಗ್ರೂಪಿನಲ್ಲಿ ಇದ್ದವು. ಇಂಗ್ಲೆಂಡ್ ಮೂರು ಗೋಲು ಹೊಡೆಯಿತು. ಆದರೆ ಮ್ಯಾಪಿನಲ್ಲಿ ಎರಡೂ ಬ್ರಿಟನ್ನಿನ ಒಳಗೇ ಇವೆಯಲ್ಲ? ವೇಲ್ಸ್ ದೇಶವಾ, ಜಿಲ್ಲೆಯಾ?"

ನನಗೆ ತಿಳಿದಷ್ಟು ಹೇಳಿದೆ. ಅವರಿಗೆ ಬೇರೆಯೇ ಒಂದು ಭಾಷೆ ಇದೆ ಅಂತಲೂ ಹೇಳಿದೆ. ಆಗ ಹಿಂದಿನ ಬೆಂಚಿನ ಹುಡುಗಿ, "ಅಲ್ಲಿ ಶಾಲೆ ಅವರ ಭಾಷೆಯಲ್ಲಿ ಇದೆಯಾ ಟೀಚರ್? ನಮ್ಮ ಹಾಗೆ?" ಎಂದಳು. ಅವಳ ಅಣ್ಣನನ್ನು ಮನೆಯವರು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದಾರೆ. ಅಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡ. ಅವಳು ಸುಮ್ನೆ ಕೇಳಿದ್ದಲ್ಲ ಎಂದು ನನಗೆ ಅನಿಸಿತು. ಸರಿಯಾದ ಉತ್ತರ ಕೊಡಬೇಕು ಅಂತ ಆಸೆ. ಗೊತ್ತಿದ್ದವರು ಹೇಳುತ್ತೀರಾ?

ಪೆರ್ಲದವಳು, ಈಗ ಬ್ಯಾಂಗರ್:

ಟೀಚರ್, ನಿಮ್ಮ ಪ್ರಶ್ನೆ ನೋಡಿ ನೈಟ್ ಡ್ಯೂಟಿ ಮುಗಿಸಿ ಬಂದವಳು ಮಲಗದೆ ಬರೆಯುತ್ತಿದ್ದೇನೆ. ನಾನು ಪೆರ್ಲದವಳು. ಆರು ವರ್ಷದಿಂದ ಉತ್ತರ ವೇಲ್ಸಿನ ಬ್ಯಾಂಗರ್ ಪಟ್ಟಣದಲ್ಲಿ ನರ್ಸ್ ಆಗಿದ್ದೇನೆ.

ಮೊದಲು ಹುಡುಗನ ಪ್ರಶ್ನೆ. ಇಲ್ಲಿನವರನ್ನು ಕೇಳಿದರೆ ದೇಶ ಅಂತಲೇ ಹೇಳುತ್ತಾರೆ. ಯುನೈಟೆಡ್ ಕಿಂಗ್‌ಡಮ್ ಎನ್ನುವುದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಸೇರಿದ ಒಂದು ರಾಷ್ಟ್ರ. ವೇಲ್ಸಿಗೆ ಕಾರ್ಡಿಫ್‌ನಲ್ಲಿ ತನ್ನದೇ ಶಾಸನಸಭೆ ಇದೆ, 1999ರಿಂದ. ಶಾಲೆ, ಆಸ್ಪತ್ರೆ ಎಲ್ಲ ಅದರ ಕೈಯಲ್ಲಿ. ಸೈನ್ಯ, ವಿದೇಶ ವ್ಯವಹಾರ ಲಂಡನ್ನಿನ ಕೈಯಲ್ಲಿ. ಜಾಗ ಕೇರಳದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಜನ ಬರೀ 31 ಲಕ್ಷ.

'ವೇಲ್ಸ್' ಎನ್ನುವುದು ಇಂಗ್ಲಿಷರು ಇಟ್ಟ ಹೆಸರು. ಅದರ ಹಳೆಯ ಅರ್ಥ ಪರಕೀಯರು ಅಂತ. ತಮ್ಮದೇ ನೆಲದಲ್ಲಿ ಇದ್ದವರಿಗೆ ಆ ಹೆಸರು! ಅವರು ತಮ್ಮನ್ನು ಕರೆದುಕೊಳ್ಳುವುದು 'ಕಮ್ರಿ' ಎಂದು. ಅದರ ಮೂಲ ಅರ್ಥ ಒಂದೇ ನೆಲದವರು, ನಮ್ಮವರು ಎಂದು. ಭಾಷೆ 'ಕಮ್ರಾಯ್ಗ್', ಇಂಗ್ಲಿಷಿನಲ್ಲಿ ವೆಲ್ಷ್.

ಈಗ ಆ ಹುಡುಗಿಯ ಪ್ರಶ್ನೆ. ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲ. ವಾರ್ಡಿನಲ್ಲಿ ಒಬ್ಬ ಅಜ್ಜ ಇದ್ದರು. ಬೆಟ್ಟದ ಮೇಲೆ ಕುರಿ ಸಾಕಿಕೊಂಡು ಬದುಕಿದವರು. ಮರೆವಿನ ಕಾಯಿಲೆ. ಜೀವನವಿಡೀ ಎರಡು ಭಾಷೆ ಮಾತಾಡಿದ್ದರೂ ಈಗ ಇಂಗ್ಲಿಷ್ ಪೂರ್ತಿ ಹೋಗಿಬಿಟ್ಟಿತ್ತು, ಕಮ್ರಾಯ್ಗ್ ಮಾತ್ರ ಉಳಿದಿತ್ತು. ಒಂದು ರಾತ್ರಿ "ದೂರ್, ದೂರ್" ಎಂದು ಹೇಳುತ್ತಲೇ ಇದ್ದರು. ದಿಂಬು ಸರಿ ಮಾಡಿದೆ, ಕಂಬಳಿ ಹೊದಿಸಿದೆ. ಆಮೇಲೆ ಕಿತ್ತಳೆ ಬಣ್ಣದ ಬ್ಯಾಡ್ಜ್ ಹಾಕಿದ ಒಬ್ಬರು ಬಂದು ನೀರು ಕುಡಿಸಿದರು. ದೂರ್ ಎಂದರೆ ನೀರು.

ಆ ಕಿತ್ತಳೆ ಬ್ಯಾಡ್ಜ್ ಏನೆಂದರೆ, ಇವರ ಹತ್ತಿರ ಕಮ್ರಾಯ್ಗ್ ಮಾತಾಡಬಹುದು ಎಂಬ ಗುರುತು. ಆಸ್ಪತ್ರೆ, ಬ್ಯಾಂಕು, ಅಂಗಡಿ ಎಲ್ಲ ಕಡೆ ಕಾಣುತ್ತದೆ. ರೋಗಿ ಕೇಳುವ ಮೊದಲೇ ಅವರ ಭಾಷೆಯಲ್ಲಿ ಮಾತಾಡಲು ಯಾರಾದರೂ ಸಿಗಬೇಕು ಎನ್ನುವುದು ಇಲ್ಲಿನ ಆರೋಗ್ಯ ಇಲಾಖೆಯ ನೀತಿ.

ಆ ರಾತ್ರಿ ನನಗೆ ನನ್ನ ಅಜ್ಜಿಯ ನೆನಪಾಯಿತು. ಅವರನ್ನು ನಮ್ಮ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದ್ದಾಗ, ಎಲ್ಲಿ ನೋವು ಅಂತ ಮಲಯಾಳದಲ್ಲಿ ಹೇಳಲು ಬಾರದೆ ಸುಮ್ಮನೆ ಗೋಡೆ ಕಡೆ ತಿರುಗಿ ಮಲಗಿದ್ದರು. ನಾನಾಗ ಹತ್ತನೇ ಕ್ಲಾಸು. ನಾನು ಹೋದ ಮೇಲೆಯೇ ಡಾಕ್ಟರಿಗೆ ವಿಷಯ ಗೊತ್ತಾದದ್ದು. ಈಗ ನಾನು ಕಮ್ರಾಯ್ಗ್ ಕಲಿಯುತ್ತಿದ್ದೇನೆ, ವಾರಕ್ಕೆ ಎರಡು ಸಂಜೆ.

ಉಪ್ಪಳ ಮಾಷ್ಟ್ರು:

ತಂಗಿ ಬರೆದದ್ದು ಓದಿ ಕಣ್ಣು ತುಂಬಿತು. ಆದರೆ ಟೀಚರ್, ಮಕ್ಕಳಿಗೆ ಇದನ್ನು ಗೆದ್ದ ಕಥೆಯಾಗಿ ಹೇಳಬೇಡಿ. ಹೋರಾಟ ಇನ್ನೂ ಮುಗಿದಿಲ್ಲ.

1536 ಮತ್ತು 1542ರ ಕಾಯಿದೆಗಳು ವೇಲ್ಸನ್ನು ಇಂಗ್ಲೆಂಡಿಗೆ ಸೇರಿಸಿದವು. ಕೋರ್ಟಿನ ಭಾಷೆ ಇಂಗ್ಲಿಷ್ ಒಂದೇ ಆಯಿತು. ತನ್ನ ಮೇಲಿನ ಕೇಸು ಏನು ಅಂತ ಆರೋಪಿಗೇ ಅರ್ಥವಾಗದ ಸ್ಥಿತಿ. ಭಾಷೆ ಆಗಲೇ ಸಾಯಬೇಕಿತ್ತು. ಅದನ್ನು ಹಿಡಿದು ನಿಲ್ಲಿಸಿದ್ದು ಓದು. 1588ರಲ್ಲಿ ವಿಲಿಯಂ ಮೋರ್ಗನ್ ಎಂಬ ಪಾದ್ರಿ ಇಡೀ ಬೈಬಲ್ಲನ್ನು ಆ ಭಾಷೆಗೆ ತಂದರು. ಮುಂದೆ 18ನೇ ಶತಮಾನದಲ್ಲಿ ಗ್ರಿಫಿತ್ ಜೋನ್ಸ್ ಎಂಬ ಇನ್ನೊಬ್ಬ ಪಾದ್ರಿ ಊರಿಂದ ಊರಿಗೆ ತಿರುಗುವ ಶಾಲೆ ಶುರು ಮಾಡಿದರು. ಮಾಷ್ಟ್ರು ಒಂದು ಊರಿಗೆ ಬಂದು ಮೂರು ತಿಂಗಳು ಇರುತ್ತಿದ್ದರು. ಬೇಸಾಯದ ಕೆಲಸ ಕಡಿಮೆ ಇರುವ ಚಳಿಗಾಲದಲ್ಲಿ ಮಕ್ಕಳಿಗೂ ದೊಡ್ಡವರಿಗೂ ಅವರದೇ ಭಾಷೆಯಲ್ಲಿ ಓದಲು ಕಲಿಸಿ ಮುಂದಿನ ಊರಿಗೆ ಹೋಗುತ್ತಿದ್ದರು. ನಾನು ಏಕೋಪಾಧ್ಯಾಯ ಶಾಲೆಯಲ್ಲಿ ಕಲಿತವನು, ಕಲಿಸಿದವನು. ಹಾಗಾಗಿ ಆ ಮನುಷ್ಯನ ಮೇಲೆ ನನಗೆ ವಿಶೇಷ ಗೌರವ.

ನಿಮ್ಮ ಹುಡುಗಿಯ ಅಣ್ಣನ ಹತ್ತು ರೂಪಾಯಿ ದಂಡಕ್ಕೂ ಅಲ್ಲಿ ಒಂದು ಜೋಡಿ ಇದೆ. 19ನೇ ಶತಮಾನದಲ್ಲಿ ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡು ನೇತುಹಾಕುತ್ತಿದ್ದರು. ಆ ಮಗು ಇನ್ನೊಬ್ಬ ಯಾರಾದರೂ ವೆಲ್ಷ್ ಮಾತಾಡಿದ್ದನ್ನು ಕೇಳಿಸಿಕೊಂಡರೆ ತುಂಡನ್ನು ಅವನಿಗೆ ದಾಟಿಸಬಹುದು. ಸಂಜೆ ಗಂಟೆ ಹೊಡೆಯುವಾಗ ಯಾರ ಕೊರಳಲ್ಲಿ ಇರುತ್ತದೋ ಅವರಿಗೆ ಪೆಟ್ಟು. ಮಕ್ಕಳಿಂದಲೇ ಮಕ್ಕಳನ್ನು ಹಿಡಿಸುವ ಉಪಾಯ ಇದು. ಸರ್ಕಾರದ ಕಾನೂನು ಇದನ್ನು ಹೇಳಿರಲಿಲ್ಲ. ಅನೇಕ ಕಡೆ ತಂದೆತಾಯಿಯೇ ಒಪ್ಪಿದ್ದರು, ಇಂಗ್ಲಿಷ್ ಬಂದರೆ ಮಗ ಉದ್ಧಾರ ಆಗುತ್ತಾನೆ ಅಂತ. ಅದನ್ನು ಓದುವಾಗ ನನಗೆ ಜಾಸ್ತಿ ನೋವಾದದ್ದು ಅಲ್ಲಿಯೇ.

1901ರಲ್ಲಿ ಜನರಲ್ಲಿ ಅರ್ಧದಷ್ಟು ಮಂದಿಗೆ ವೆಲ್ಷ್ ಬರುತ್ತಿತ್ತು. 1961ಕ್ಕೆ ಶೇಕಡಾ 26. ಅದೇ ಹೊತ್ತಿಗೆ ಲಿವರ್‌ಪೂಲ್ ನಗರಕ್ಕೆ ನೀರು ಬೇಕು ಅಂತ ಟ್ರಿವೆರಿನ್ ಕಣಿವೆಗೆ ಅಣೆಕಟ್ಟು ಕಟ್ಟಿದರು. ವೆಲ್ಷ್ ಮಾತ್ರ ಆಡುತ್ತಿದ್ದ ಕಾಪೆಲ್ ಕೆಲಿನ್ ಎಂಬ ಹಳ್ಳಿ, ಶಾಲೆ, ಪೋಸ್ಟಾಫೀಸು, ಪ್ರಾರ್ಥನಾಮಂದಿರ ಸಮೇತ 1965ರಲ್ಲಿ ಮುಳುಗಿತು. ವೇಲ್ಸಿನ ಸಂಸದರಲ್ಲಿ ಒಬ್ಬರೂ ಆ ಮಸೂದೆಯ ಪರ ಓಟು ಹಾಕಿರಲಿಲ್ಲ. ಆದರೂ ಪಾಸಾಯಿತು. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿಹೋದ 1956ರ ನವೆಂಬರ್ 1ನ್ನು ಮನೆಯಲ್ಲಿ ಹಿರಿಯರ ಬಾಯಲ್ಲಿ ಕೇಳಿ ಬೆಳೆದವರಿಗೆ ಆ ಅನುಭವ ಬಿಡಿಸಿ ಹೇಳಬೇಕಾಗಿಲ್ಲ. 'ಟ್ರಿವೆರಿನ್ ಮರೆಯಬೇಡಿ' ಅಂತ ಒಂದು ಹಳೇ ಗೋಡೆಯ ಮೇಲೆ ಬರೆದದ್ದು ಇಂದಿಗೂ ಇದೆ.

1962ರಲ್ಲಿ ಸಾಂಡರ್ಸ್ ಲೂಯಿಸ್ ಎಂಬ ಸಾಹಿತಿ ರೇಡಿಯೋದಲ್ಲಿ ಒಂದು ಭಾಷಣ ಮಾಡಿದರು. ಹೀಗೇ ಹೋದರೆ 21ನೇ ಶತಮಾನದ ಶುರುವಿನಲ್ಲಿ ಭಾಷೆ ಇರುವುದಿಲ್ಲ ಎಂದರು. ಅದನ್ನು ಕೇಳಿದ ಯುವಕರು ಅದೇ ವರ್ಷ ಸಂಘ ಕಟ್ಟಿದರು. ಇಂಗ್ಲಿಷ್ ಮಾತ್ರ ಇದ್ದ ರಸ್ತೆ ಬೋರ್ಡುಗಳಿಗೆ ಬಣ್ಣ ಬಳಿದರು, ಜೈಲಿಗೆ ಹೋದರು. 1980ರಲ್ಲಿ ಗ್ವಿನ್‌ವೋರ್ ಇವಾನ್ಸ್ ಎಂಬ ನಾಯಕರು ವೆಲ್ಷ್ ಟಿವಿ ಚಾನೆಲ್ ಕೊಡದಿದ್ದರೆ ಸಾಯುವವರೆಗೆ ಉಪವಾಸ ಎಂದರು. ಥ್ಯಾಚರ್ ಸರ್ಕಾರ ಮಣಿಯಿತು. 1982ರ ನವೆಂಬರ್ 1ರಂದು ಚಾನೆಲ್ ಶುರುವಾಯಿತು. ನೋಡಿ, ಆ ತಾರೀಕು ಅವರಿಗೆ ಹಬ್ಬ.

2011ರಲ್ಲಿ ಕಾನೂನು ಪ್ರಕಾರ ಅಧಿಕೃತ ಭಾಷೆಯ ಸ್ಥಾನ ಬಂತು. ಆದರೂ 2021ರ ಜನಗಣತಿಯಲ್ಲಿ ಮಾತಾಡುವವರು ಶೇಕಡಾ 17.8, ಅಂದರೆ ಸುಮಾರು 5 ಲಕ್ಷ 38 ಸಾವಿರ. 2011ಕ್ಕಿಂತ ಕಮ್ಮಿ. 2050ಕ್ಕೆ ಹತ್ತು ಲಕ್ಷ ಮಾಡುತ್ತೇವೆ ಎನ್ನುವುದು ಸರ್ಕಾರದ ಗುರಿ.

ಬದಿಯಡ್ಕ ಟೀಚರ್:

ಮಾಷ್ಟ್ರೇ, ತಂಗೀ, ಇಬ್ಬರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಒಂದು ಸಂಶಯ. ಅಲ್ಲಿ ಈಗ ಶಾಲೆಗಳು ಹೇಗಿವೆ? ಮಕ್ಕಳು ಬರುತ್ತಾರಾ? ನನ್ನ ಹನ್ನೊಂದು ಮಕ್ಕಳನ್ನು ನೋಡುವಾಗ ಆ ಪ್ರಶ್ನೆಯೇ ಮೊದಲು ಬರುತ್ತದೆ.

ಪೆರ್ಲದವಳು, ಈಗ ಬ್ಯಾಂಗರ್:

ಟೀಚರ್, 1939ರಲ್ಲಿ ಅಬರಿಸ್ಟ್ವಿತ್ ಊರಿನಲ್ಲಿ ಮೊದಲ ವೆಲ್ಷ್ ಮಾಧ್ಯಮ ಪ್ರೈಮರಿ ಶಾಲೆ ಶುರುವಾದಾಗ ಇದ್ದದ್ದು ಏಳು ಮಕ್ಕಳು. ನಿಮ್ಮ ಹತ್ತಿರ ಹನ್ನೊಂದು ಇದ್ದಾರೆ.

ಈಗ ಐದರಲ್ಲಿ ಒಂದಕ್ಕಿಂತ ಜಾಸ್ತಿ ಮಕ್ಕಳು ವೆಲ್ಷ್ ಮಾಧ್ಯಮದಲ್ಲಿ ಓದುತ್ತಾರೆ. ಉಳಿದ ಶಾಲೆಗಳಲ್ಲೂ 16 ವರ್ಷದವರೆಗೆ ವೆಲ್ಷ್ ಕಲಿಯಲೇಬೇಕು. ಕಾರ್ಡಿಫ್ ಕಡೆ, ಮನೆಯಲ್ಲಿ ಬರೀ ಇಂಗ್ಲಿಷ್ ಮಾತಾಡುವ ಅಪ್ಪ ಅಮ್ಮಂದಿರೇ ಮಕ್ಕಳನ್ನು ವೆಲ್ಷ್ ಶಾಲೆಗೆ ಹಾಕುತ್ತಾರೆ. ಅಜ್ಜನಿಂದ ಅಪ್ಪನಿಗೆ ಬಾರದೆ ತಪ್ಪಿದ್ದು ಮಗಳಿಗಾದರೂ ಸಿಗಲಿ ಅಂತ. ಎಲ್ಲ ಶುರುವಾಗುವುದು ಎರಡು ವರ್ಷ ದಾಟಿದ ಮಕ್ಕಳ ಬಾಲವಾಡಿಯಿಂದ. ಆಟ, ಹಾಡು ಎಲ್ಲ ವೆಲ್ಷ್‌ನಲ್ಲೇ. ನನ್ನ ಮಗನೂ ಅಲ್ಲಿಗೇ ಹೋಗುತ್ತಾನೆ. ಮನೆಯಲ್ಲಿ ಕನ್ನಡ, ಅಪ್ಪನ ಹತ್ತಿರ ತುಳು, ಅಲ್ಲಿ ಕಮ್ರಾಯ್ಗ್. ಯಾವುದೂ ಯಾವುದಕ್ಕೂ ಅಡ್ಡ ಬಂದಿಲ್ಲ.

ಚೆಂಡೆ ಮದ್ದಳೆ:

ಕುಂಬಳೆಯಿಂದ ನಮಸ್ಕಾರ. ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುವವನು. ಕಾನೂನು, ಶಾಲೆ ಎಲ್ಲ ಬಂತು, ಆಟದ ವಿಷಯ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ದಕ್ಷಿಣ ವೇಲ್ಸಿನಲ್ಲಿ ಕ್ರಿಸ್‌ಮಸ್, ಹೊಸ ವರ್ಷದ ಹೊತ್ತಿಗೆ ಮಾರಿ ಲ್ವಿಡ್ ಅಂತ ಒಂದು ಪದ್ಧತಿ ಇದೆ. ಕುದುರೆಯ ತಲೆಬುರುಡೆಯನ್ನು ಕೋಲಿಗೆ ಸಿಕ್ಕಿಸಿ, ಬಿಳಿ ಬಟ್ಟೆ ಹೊದಿಸಿ, ಮನೆ ಮನೆಗೆ ತರುತ್ತಾರೆ. ಹೊರಗಿನವರು ಬಾಗಿಲಲ್ಲಿ ನಿಂತು ಪದ್ಯದಲ್ಲಿ ಸವಾಲು ಹಾಕುತ್ತಾರೆ. ಒಳಗಿನವರು ಪದ್ಯದಲ್ಲೇ ಉತ್ತರ ಕೊಡಬೇಕು. ಒಳಗಿನವರಿಗೆ ಮಾತು ಮುಗಿದರೆ ಬಾಗಿಲು ತೆರೆದು ತಿಂಡಿ, ಕುಡಿಯಲು ಕೊಡಬೇಕು. ಇದನ್ನು ತಿಳಿದಾಗ ನನಗೆ ರೋಮಾಂಚನ ಆಯಿತು. ಆ ಕ್ಷಣಕ್ಕೆ ಮಾತು ಹುಟ್ಟಿಸುವುದು ಎಷ್ಟು ಕಷ್ಟ ಅಂತ ಅರ್ಥಧಾರಿಗೆ ಗೊತ್ತು.

ಅಲ್ಲಿ ಐಸ್ಟೆದ್‌ವೋದ್ ಅಂತ ದೊಡ್ಡ ಸಾಹಿತ್ಯ ಹಬ್ಬ ಕೂಡ ಇದೆ. ಪ್ರತಿ ಆಗಸ್ಟ್, ಒಂದು ವರ್ಷ ಉತ್ತರದಲ್ಲಿ, ಒಂದು ವರ್ಷ ದಕ್ಷಿಣದಲ್ಲಿ. ವೇದಿಕೆಯಲ್ಲಿ ವೆಲ್ಷ್ ಮಾತ್ರ. ಛಂದಸ್ಸಿನಲ್ಲಿ ಬರೆದು ಗೆದ್ದ ಕವಿಗೆ ಬಹುಮಾನ ಒಂದು ಕೆತ್ತನೆಯ ಕುರ್ಚಿ. ಯೋಗ್ಯ ಪದ್ಯ ಬಾರದಿದ್ದರೆ ಕುರ್ಚಿ ಯಾರಿಗೂ ಇಲ್ಲ. 1917ರಲ್ಲಿ ಗೆದ್ದ ಕವಿಯ ಹೆಸರು ಕರೆದರು. ಯಾರೂ ಏಳಲಿಲ್ಲ. ಹೆದ್ ವಿನ್ ಎಂಬ ಆ ಕುರಿ ಕಾಯುವ ಯುವಕ ಐದು ವಾರದ ಹಿಂದೆ ಬೆಲ್ಜಿಯಮ್ಮಿನ ಯುದ್ಧದಲ್ಲಿ ತೀರಿಕೊಂಡಿದ್ದ. ಖಾಲಿ ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿದರು. ಇದನ್ನು ಮಕ್ಕಳಿಗೆ ಖಂಡಿತ ಹೇಳಿ ಟೀಚರ್. ಅವರ ಛಂದಸ್ಸಿನಲ್ಲಿ ಸಾಲಿನ ಒಳಗೇ ವ್ಯಂಜನಗಳು ಒಂದಕ್ಕೊಂದು ತಾಳೆಯಾಗಬೇಕು. ನಮ್ಮಲ್ಲಿ ಪ್ರಾಸ ಬಿಟ್ಟು ಬರೆದ ಮೊದಲಿಗರಲ್ಲಿ ಒಬ್ಬರು ಮಂಜೇಶ್ವರದ ಗೋವಿಂದ ಪೈಗಳು. ವೇಲ್ಸಿನ ಕವಿಗಳು ಇನ್ನೂ ಬಿಟ್ಟಿಲ್ಲ, ಆ ಕುರ್ಚಿಗಾಗಿ ಇಂದಿಗೂ ಹಾಗೆಯೇ ಬರೆಯುತ್ತಾರೆ.

ಪೆರ್ಲದವಳು, ಈಗ ಬ್ಯಾಂಗರ್:

ಅಣ್ಣಾ, ನೀವು ವ್ಯಂಜನ ಎಂದದ್ದಕ್ಕೆ ಒಂದು ವಿಷಯ ಹೇಳಲೇಬೇಕು. ನನ್ನ ಜೊತೆ ಭಾಷೆ ಕಲಿಯುವ ಬೇರೆಯವರೆಲ್ಲ ಒದ್ದಾಡುವ ಜಾಗ ಒಂದಿದೆ. ಶಬ್ದದ ಮೊದಲ ಅಕ್ಷರ ಬದಲಾಗುವುದು. ಗಡಿಯಲ್ಲಿ 'ಕಮ್ರಿಗೆ ಸ್ವಾಗತ' ಅಂತ ಬೋರ್ಡು ಇದೆ, ಆದರೆ ಅದರಲ್ಲಿ ಬರೆದದ್ದು 'ಕ್ರೊಯ್ಸೊ ಇ ಗಮ್ರಿ'. ಕ ಹೋಗಿ ಗ. ತಾದ್ ಎಂದರೆ ಅಪ್ಪ, 'ನಿನ್ನ ಅಪ್ಪ' ಎನ್ನುವಾಗ ದಾದ್. ಪೆನ್ ಎಂದರೆ ತಲೆ, 'ನಿನ್ನ ತಲೆ' ಎನ್ನುವಾಗ ಬೆನ್. ನನಗೆ ಎಲ್ಲೋ ಕೇಳಿದ ಹಾಗಿತ್ತು. ಆಮೇಲೆ ಹೊಳೆಯಿತು. ಏಳನೇ ಕ್ಲಾಸಿನ ಆದೇಶ ಸಂಧಿ! ಕತಪಗಳಿಗೆ ಗದಬಗಳು. ಮಳೆಗಾಲ, ಮೈದೊಳೆ, ಕಂಬನಿ. ಎರಡು ಭಾಷೆಗೂ ಸಂಬಂಧ ಏನೂ ಇಲ್ಲ, ನನಗೆ ಗೊತ್ತು. ನಿಯಮ ಬೀಳುವ ಜಾಗಗಳೂ ಬೇರೆ. ಆದರೆ ಬಾಯಿ ತಿರುಗುವ ದಾರಿ ಒಂದೇ, ಅಲ್ವಾ?

ಬದಿಯಡ್ಕ ಟೀಚರ್:

ಇವತ್ತು ಪಾಠ ಮಾಡಿದೆ. ಬೋರ್ಡಿನ ಒಂದು ಕಡೆ 'ಕನ್ನಡ, ಹಳೆಗನ್ನಡ', ಇನ್ನೊಂದು ಕಡೆ 'ಕಮ್ರಿ, ಗಮ್ರಿ' ಅಂತ ಬರೆದೆ. ಮಕ್ಕಳು ಒಂದು ಕ್ಷಣ ಸುಮ್ಮನೆ ನೋಡಿದರು, ಆಮೇಲೆ ಗಲಾಟೆಯೋ ಗಲಾಟೆ. ಹೆದ್ ವಿನ್ ಕಥೆಗೆ ಇಡೀ ಕ್ಲಾಸು ನಿಶ್ಶಬ್ದ. ಕೊರಳಿನ ಮರದ ತುಂಡಿನ ವಿಷಯ ಹೇಳುವಾಗ ಆ ಹುಡುಗಿ ತನ್ನ ನೋಟ್ಸಿನಲ್ಲಿ ಅದರ ಚಿತ್ರ ಬಿಡಿಸುತ್ತಿದ್ದಳು. ಅಣ್ಣನಿಗೆ ತೋರಿಸುತ್ತಾಳಂತೆ.

ಅವಳದೇ ಒಂದು ಪ್ರಶ್ನೆ, ತಂಗಿ. ಅಲ್ಲಿ ಅಮ್ಮನಿಗೆ ಏನು ಹೇಳುತ್ತಾರೆ?

ಪೆರ್ಲದವಳು, ಈಗ ಬ್ಯಾಂಗರ್:

'ಮಾಮ್' ಅಂತ ಹೇಳಿ ಟೀಚರ್. 'ನಿನ್ನ ಅಮ್ಮ' ಎನ್ನುವಾಗ 'ವಾಮ್' ಆಗುತ್ತದೆ. ಮ ಹೋಗಿ ವ ಬರುವುದಕ್ಕೆ ನಮ್ಮ ಪುಸ್ತಕದಲ್ಲಿ ಒಂದು ಉದಾಹರಣೆ ಇತ್ತು, ನೆನಪಾಗುತ್ತಿಲ್ಲ.

ಬದಿಯಡ್ಕ ಟೀಚರ್:

ಮೆಲ್ ಕೂಡಿಸು ಮಾತು, ಮೆಲ್ವಾತು. ನಾಳೆ ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲೇ ಬೋರ್ಡಿಗೆ ಬರೆಯುತ್ತೇನೆ.